ಚದುರಂಗಕ್ಕೆ ಮೂರನೆಯವರು ಕೂತಾಗ: 96 ಮನೆಗಳ ಆಟದ ಸಮಗ್ರ ಮಾರ್ಗದರ್ಶಿ

ಮೂವರು ಕೂತು ಆಡುವ ಚದುರಂಗ ಹೊಸದೇನಲ್ಲ. ಇಟಲಿಯ ನೇಪಲ್ಸ್‌ನಲ್ಲಿ ಫಿಲಿಪ್ಪೊ ಮರಿನೆಲ್ಲಿ ಎಂಬ ಸೇನಾಧಿಕಾರಿ 1722ರಲ್ಲೇ ಇದರ ಬಗ್ಗೆ ಪುಸ್ತಕ ಪ್ರಕಟಿಸಿದ್ದರು. ಮುಂದೆ ಮಂಗಳ ಗ್ರಹಕ್ಕೆ ಮನುಷ್ಯರು ಹೋಗಬೇಕೆಂದು ಪ್ರತಿಪಾದಿಸುವ ಮಾರ್ಸ್ ಸೊಸೈಟಿ ಸ್ಥಾಪಿಸಿ ಹೆಸರಾದ ರಾಬರ್ಟ್ ಜುಬ್ರಿನ್ ಅಮೆರಿಕದಲ್ಲಿ 1972ರಲ್ಲಿ ಪಡೆದ ಪೇಟೆಂಟ್ ಕೂಡ ಮೂವರ ಚದುರಂಗದ ಹಲಗೆಗೇ. ಹಲಗೆಗಳಲ್ಲಿ ಹಲವು ಬಗೆಗಳಿವೆ. ಇಲ್ಲಿ ವಿವರಿಸಿರುವುದು ಆರು ಮೂಲೆಗಳ, 96 ಮನೆಗಳ ಹಲಗೆಯ ಆಟವನ್ನು. ಸಾಮಾನ್ಯ ಚದುರಂಗ ಬಲ್ಲವರಿಗೆ ಅತಿ ಬೇಗ ಒಗ್ಗುವುದು ಇದೇ.

ಮೊದಲೇ ಒಂದು ಮಾತು. ಈ ಆಟದಲ್ಲಿ ಕಾಯಿಗಳ ನಡೆ ಕಲಿಯುವುದು ಕಷ್ಟವಲ್ಲ. ಆಟ ಕೆಡುವುದು ಒಬ್ಬರ ಸರದಿಗೂ ಇನ್ನೊಬ್ಬರ ಸರದಿಗೂ ನಡುವೆ ಏನಾಗಬೇಕು ಎಂದು ಮೊದಲೇ ತೀರ್ಮಾನಿಸದಿದ್ದಾಗ. ಪೆಟ್ಟಿಗೆಯ ಜೊತೆ ಬರುವ ನಿಯಮಗಳ ಚೀಟಿಗಳು ಸಾಮಾನ್ಯವಾಗಿ ನಡೆಗಳನ್ನು ವಿಸ್ತಾರವಾಗಿ ಹೇಳಿ ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನಾನು ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಹಲಗೆ ಮಾಡಿಕೊಳ್ಳುವುದು

ಸಿದ್ಧ ಹಲಗೆ ಸಿಕ್ಕರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಿ. ಸಿಗದಿದ್ದರೆ ಒಂದು ಚಾರ್ಟ್ ಹಾಳೆ, ಕೈವಾರ, ಅಳತೆಪಟ್ಟಿ ಸಾಕು.

24 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಕೈವಾರದ ಅಳತೆ ಬದಲಿಸದೆ ವೃತ್ತದ ಅಂಚಿನ ಮೇಲೆ ಆರು ಗುರುತು ಹಾಕಿ, ಅವುಗಳನ್ನು ಸೇರಿಸಿದರೆ ಷಡ್ಭುಜ ಸಿದ್ಧ. ಪ್ರತಿ ಬಾಹುವಿನ ಮಧ್ಯಬಿಂದುವನ್ನು ಗುರುತಿಸಿ, ಆ ಆರೂ ಬಿಂದುಗಳಿಂದ ಕೇಂದ್ರಕ್ಕೆ ಗೆರೆ ಎಳೆಯಿರಿ. ಈಗ ಗಾಳಿಪಟದ ಆಕಾರದ ಆರು ತುಂಡುಗಳು ಕಾಣುತ್ತವೆ. ಪ್ರತಿ ತುಂಡಿನ ನಾಲ್ಕೂ ಬದಿಗಳನ್ನು ನಾಲ್ಕು ಸಮಭಾಗ ಮಾಡಿ, ಎದುರು ಬದಿಗಳ ಗುರುತುಗಳನ್ನು ಒಂದಕ್ಕೊಂದು ಸೇರಿಸಿ. ತುಂಡಿಗೆ 16 ಮನೆಗಳಂತೆ ಒಟ್ಟು 96 ಮನೆಗಳಾಗುತ್ತವೆ. ಅಂಚಿನ ಮನೆಗಳು 3 ಸೆಂ.ಮೀ. ಅಗಲ ಬರುತ್ತವೆ, ಕೇಂದ್ರದ ಮನೆಗಳ ಬದಿ 5 ಸೆಂ.ಮೀ.ಗಿಂತ ತುಸು ಹೆಚ್ಚು. ಆದ್ದರಿಂದ ತಳ 3 ಸೆಂ.ಮೀ.ಗಿಂತ ಚಿಕ್ಕದಿರುವ ಕಾಯಿಗಳನ್ನೇ ಆರಿಸಿಕೊಳ್ಳಬೇಕು.

ಬಣ್ಣ ತುಂಬುವಾಗ ಮೂಲೆಯಿಂದ ಹೊರಡಬೇಡಿ, ಕೇಂದ್ರದಿಂದ ಹೊರಡಿ. ಕೇಂದ್ರದಲ್ಲಿ ಆರು ಮನೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅವಕ್ಕೆ ಒಂದು ಬಿಟ್ಟು ಒಂದರಂತೆ ಕಪ್ಪು ತುಂಬಿ, ಅಲ್ಲಿಂದ ಹೊರಕ್ಕೆ ಸಾಗಿದರೆ ಎಲ್ಲಿಯೂ ಒಂದೇ ಬಣ್ಣದ ಎರಡು ಮನೆಗಳು ಬದಿಗೆ ಬದಿ ತಾಗುವುದಿಲ್ಲ.

ಮೂರನೆಯ ಸೈನ್ಯಕ್ಕೆ ಅಗ್ಗದ ಸೆಟ್ಟು ಇನ್ನೊಂದು ತಂದು ಅದರ ಬಿಳಿ ಕಾಯಿಗಳಿಗೆ ಕೆಂಪು ಬಣ್ಣ ಹಚ್ಚಿದರಾಯಿತು. ಬಣ್ಣ ಹಚ್ಚುವುದು ಬೇಡವೆಂದರೆ ತಲೆಗೆ ಕೆಂಪು ದಾರ ಕಟ್ಟಿದರೂ ನಡೆಯುತ್ತದೆ.

ಯಾರ ನಾಡು ಎಲ್ಲಿ, ಮನೆಗಳ ಹೆಸರೇನು

ಆರು ಬಾಹುಗಳಲ್ಲಿ ಒಂದು ಬಿಟ್ಟು ಒಂದರಂತೆ ಮೂರು ಬಾಹುಗಳ ಮುಂದೆ ಮೂವರು ಕೂರುತ್ತಾರೆ. ನಿಮ್ಮ ಬಾಹುವಿಗೆ ಅಂಟಿದ ಎರಡು ತುಂಡುಗಳು, ಅಂದರೆ ಎಂಟು ಮನೆ ಅಗಲ, ನಾಲ್ಕು ಮನೆ ಆಳದ ಜಾಗ, ನಿಮ್ಮ ನಾಡು. ಆಟಗಾರರಿಲ್ಲದ ಮೂರು ಬಾಹುಗಳ ಮಧ್ಯಬಿಂದುವಿನಿಂದ ಕೇಂದ್ರಕ್ಕೆ ಹೋಗುವ ಗೆರೆಗಳು ಗಡಿಗಳು. ಅವನ್ನು ದಪ್ಪ ಗೆರೆಯಲ್ಲಿ ತಿದ್ದಿಕೊಳ್ಳಿ. ಮೊದಲ ಕೆಲವು ಆಟಗಳಲ್ಲಿ ಕಣ್ಣಿಗೆ ಬಹಳ ಸಹಾಯವಾಗುತ್ತದೆ.

ಬಿಳಿಯವರು ಕೆಳಗೆ, ಅವರ ಎಡಕ್ಕೆ ಕಪ್ಪು, ಬಲಕ್ಕೆ ಕೆಂಪು ಎಂದಿಟ್ಟುಕೊಳ್ಳೋಣ. ಬಿಳಿಯ ನಾಡಿನ ಕಂಬಸಾಲುಗಳು ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅಡ್ಡಸಾಲುಗಳು 1ರಿಂದ 4. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಎ, ಬಿ, ಸಿ, ಡಿ ಸಾಲುಗಳು ಕಪ್ಪಿನ ನಾಡಿಗೆ ಹೋಗಿ 5ರಿಂದ 8ರವರೆಗೆ ಸಾಗುತ್ತವೆ. ಇ, ಎಫ್, ಜಿ, ಎಚ್ ಸಾಲುಗಳು ಕೆಂಪಿನ ನಾಡಿಗೆ ಹೊರಳಿ 9ರಿಂದ 12ರವರೆಗೆ ಸಾಗುತ್ತವೆ. ಅಂದರೆ ಡಿ4ರ ಮುಂದಿನ ಮನೆ ಡಿ5, ಆದರೆ ಇ4ರ ಮುಂದಿನ ಮನೆ ಇ9. ಕಪ್ಪು ಮತ್ತು ಕೆಂಪಿನ ನಡುವೆ ಮಾತ್ರ ಓಡುವ ಉಳಿದ ನಾಲ್ಕು ಸಾಲುಗಳಿಗೆ ಐ, ಜೆ, ಕೆ, ಎಲ್ ಎಂದು ಹೆಸರು. ಐ ಕೇಂದ್ರದ ಪಕ್ಕದ್ದು, ಎಲ್ ಅಂಚಿನದು.

ಕೇಂದ್ರದ ಆರು ಮನೆಗಳು ಸುತ್ತಿನಲ್ಲಿ ಹೀಗೆ ಬರುತ್ತವೆ: ಡಿ4, ಇ4, ಇ9, ಐ9, ಐ5, ಡಿ5. ಇವುಗಳಲ್ಲಿ ಡಿ4, ಇ9, ಐ5 ಕಪ್ಪು ಮನೆಗಳು, ಉಳಿದವು ಬಿಳಿ. ಈ ಆರನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕಿಟ್ಟುಕೊಳ್ಳಿ. ಮುಂದಿನ ಎಲ್ಲ ಗೊಂದಲವೂ ಇಲ್ಲಿಯೇ ಹುಟ್ಟುವುದು.

ಕಾಯಿ ಹೂಡುವುದು

ಎಲ್ಲರಿಗೂ ಸಾಮಾನ್ಯ ಆಟದ 16 ಕಾಯಿಗಳೇ. ಆನೆ ಎಂದರೆ ರೂಕ್, ಒಂಟೆ ಎಂದರೆ ಬಿಷಪ್ ಎಂಬ ಲೆಕ್ಕದಲ್ಲಿ ಓದಿಕೊಳ್ಳಿ. ಹಿಂದಿನ ಸಾಲಿನ ಎರಡು ತುದಿಗೆ ಆನೆ, ಅದರ ಪಕ್ಕ ಕುದುರೆ, ಅದರ ಪಕ್ಕ ಒಂಟೆ. ಮುಂದಿನ ಸಾಲಿನ ತುಂಬ ಕಾಲಾಳುಗಳು. ಷಡ್ಭುಜದ ಆರೂ ಮೂಲೆಗಳಲ್ಲಿ ಒಂದೊಂದು ಆನೆ ನಿಂತಿದ್ದರೆ ಹಲಗೆ ಸರಿಯಾಗಿ ಕೂತಿದೆ ಎಂದು ತಿಳಿಯಿರಿ.

ರಾಣಿ ಎಲ್ಲಿ, ರಾಜ ಎಲ್ಲಿ? ಸಾಮಾನ್ಯ ಆಟದಲ್ಲಿ ರಾಣಿಗೆ ಎದುರಾಗಿ ರಾಣಿ ನಿಲ್ಲುತ್ತದೆ. ಮೂವರ ಹಲಗೆಯಲ್ಲಿ ಅದು ಸಾಧ್ಯವೇ ಇಲ್ಲ: ಬಿಳಿ ರಾಣಿ ಡಿ1ರಲ್ಲಿದ್ದು ಕಪ್ಪು ರಾಣಿ ಡಿ8ರಲ್ಲಿ ನಿಂತರೆ ಕಪ್ಪು ರಾಜ ಐ8ಕ್ಕೆ ಹೋಗಬೇಕು, ಅವನೆದುರು ಐ12ರಲ್ಲಿ ಕೆಂಪು ರಾಜ ಬರಬೇಕು, ಆಗ ಇ12ರಲ್ಲಿ ಉಳಿಯುವ ಕೆಂಪು ರಾಣಿಗೆ ಎದುರಾಗುವುದು ಇ1ರ ಬಿಳಿ ರಾಜ. ಎಲ್ಲೋ ಒಂದು ಕಡೆ ಲೆಕ್ಕ ತಪ್ಪಲೇಬೇಕು. ಆದ್ದರಿಂದ ಮೂವರಿಗೂ ಸಮನಾಗುವ ಒಂದೇ ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು: ಪ್ರತಿಯೊಬ್ಬರೂ ತಮ್ಮ ಎಡಕ್ಕೆ ರಾಣಿ, ಬಲಕ್ಕೆ ರಾಜ. ಬಿಳಿ ರಾಣಿ ಡಿ1, ಕಪ್ಪು ರಾಣಿ ಐ8, ಕೆಂಪು ರಾಣಿ ಇ12. ಮೂರೂ ಬಿಳಿ ಮನೆಗಳೇ. ರಾಜರು ಕ್ರಮವಾಗಿ ಇ1, ಡಿ8, ಐ12.

ಈಗ ಹಲಗೆಯನ್ನು ಒಮ್ಮೆ ದಿಟ್ಟಿಸಿ ನೋಡಿ. ನಿಮ್ಮ ರಾಣಿ ನೇರವಾಗಿ ನೋಡುತ್ತಿರುವುದು ಎಡಗಡೆಯವರ ರಾಜನನ್ನು. ನಿಮ್ಮ ರಾಜನನ್ನು ನೋಡುತ್ತಿರುವುದು ಬಲಗಡೆಯವರ ರಾಣಿ.

ಸರದಿ

ಬಿಳಿ ಮೊದಲು. ಅಲ್ಲಿಂದ ಎಡಕ್ಕೆ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ: ಬಿಳಿ, ಕಪ್ಪು, ಕೆಂಪು, ಮತ್ತೆ ಬಿಳಿ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬ ನಿಯಮವನ್ನು ಇಲ್ಲಿ ಬಿಗಿಯಾಗಿ ಪಾಲಿಸಿ. ಒಬ್ಬರು ನಡೆಯನ್ನು ಹಿಂದಕ್ಕೆ ತೆಗೆದುಕೊಂಡರೆ ಅಷ್ಟರಲ್ಲಿ ಲೆಕ್ಕ ಹಾಕಿದ ಇಬ್ಬರ ಶ್ರಮ ಹಾಳಾಗುತ್ತದೆ.

ಕಾಯಿಗಳ ನಡೆ

ಆನೆಗೆ ಹೊಸದೇನೂ ಇಲ್ಲ. ಮನೆಗೆ ನಾಲ್ಕು ಬದಿಗಳಿವೆ. ಒಂದು ಬದಿಯಿಂದ ಒಳಬಂದರೆ ಎದುರು ಬದಿಯಿಂದ ಹೊರಹೋಗುತ್ತದೆ. ಗೆರೆ ಬಾಗಿದಂತೆ ಕಂಡರೂ ಅಂಜಬೇಡಿ, ಬೆರಳಿಟ್ಟು ಬದಿಯಿಂದ ಬದಿಗೆ ಸಾಗಿ. ಖಾಲಿ ಹಲಗೆಯ ಯಾವ ಮನೆಯಲ್ಲಿ ನಿಂತರೂ ಆನೆಗೆ 14 ಮನೆಗಳು ಸಿಗುತ್ತವೆ, ಸಾಮಾನ್ಯ ಹಲಗೆಯಂತೆಯೇ.

ಒಂಟೆ ಮೂಲೆಯಿಂದ ಮೂಲೆಗೆ ಹೋಗುವ ಕಾಯಿ. ಮನೆಯ ಒಂದು ಮೂಲೆಯಿಂದ ಬಂದದ್ದು ಎದುರು ಮೂಲೆಯಿಂದ ಹೋಗುತ್ತದೆ. ಬಿ3, ಸಿ4, ಡಿ5, ಐ6, ಜೆ7, ಕೆ8 ಎಂಬುದು ಒಂದೇ ಕರ್ಣ. ಬಿಳಿ ಮತ್ತು ಕಪ್ಪಿನ ನಾಡುಗಳೆರಡನ್ನೂ ಮುಟ್ಟುತ್ತದೆ. ಒಂಟೆ ಕೇಂದ್ರಬಿಂದುವನ್ನೇ ದಾಟುವಾಗ ಮಾತ್ರ ಎರಡು ದಾರಿ ಸಿಗುತ್ತವೆ. ಎ1, ಬಿ2, ಸಿ3, ಡಿ4 ಎಂದು ಬಂದ ಒಂಟೆ ಇ9ಕ್ಕೆ ಹೋಗಿ ಎಚ್12ರತ್ತ ಸಾಗಬಹುದು, ಇಲ್ಲವೇ ಐ5ಕ್ಕೆ ಹೋಗಿ ಎಲ್8ರತ್ತ ಸಾಗಬಹುದು. ಎದುರಿಗೇ ಇರುವ ಐ9ಕ್ಕೆ ಹೋಗುವಂತಿಲ್ಲ, ಅದರ ಬಣ್ಣ ಬೇರೆ. ಸಾಮಾನ್ಯ ಹಲಗೆಯ ಡಿ4ರಲ್ಲಿ ಒಂಟೆಗೆ 13 ಮನೆಗಳು, ಇಲ್ಲಿ 17. ರಾಣಿಗೆ ಆನೆಯ 14 ಸೇರಿ 31. ಕೇಂದ್ರಕ್ಕೆ ಬಂದು ಕೂತ ರಾಣಿ ಎಷ್ಟು ಭಯಂಕರ ಎಂಬುದಕ್ಕೆ ಈ ಲೆಕ್ಕವೇ ಸಾಕು.

ರಾಜನಿಗೆ ಎಲ್ಲ ದಿಕ್ಕಿಗೂ ಒಂದು ಹೆಜ್ಜೆ. ಕೇಂದ್ರದ ಮನೆಯಲ್ಲಿ ನಿಂತಾಗ ಎಂಟರ ಬದಲು ಒಂಬತ್ತು ಮನೆಗಳು ಸಿಗುತ್ತವೆ.

ಕುದುರೆಯ ವಿಷಯದಲ್ಲಿ ತುಸು ನಿಧಾನಿಸಬೇಕು. ಎರಡು ಹೆಜ್ಜೆ ನೇರ, ಒಂದು ಹೆಜ್ಜೆ ಪಕ್ಕಕ್ಕೆ. ಅಥವಾ ಒಂದು ಹೆಜ್ಜೆ ನೇರ, ಎರಡು ಹೆಜ್ಜೆ ಪಕ್ಕಕ್ಕೆ. ಸಾಮಾನ್ಯ ಹಲಗೆಯಲ್ಲಿ ಈ ಎರಡು ಲೆಕ್ಕಗಳೂ ಒಂದೇ ಮನೆಗೆ ತಲುಪಿಸುತ್ತವೆ. ಇಲ್ಲಿ ಕೇಂದ್ರದ ಹತ್ತಿರ ತಲುಪಿಸುವುದಿಲ್ಲ. ಡಿ3ರ ಕುದುರೆಯನ್ನು ತೆಗೆದುಕೊಳ್ಳಿ. ಡಿ4, ಡಿ5 ಎಂದು ಎರಡು ಹೆಜ್ಜೆ ಹೋಗಿ ಬಲಕ್ಕೆ ತಿರುಗಿದರೆ ಐ5. ಮೊದಲು ಬಲಕ್ಕೆ ಇ3ಕ್ಕೆ ಹೋಗಿ, ಅಲ್ಲಿಂದ ಇ4, ಇ9 ಎಂದು ಎರಡು ಹೆಜ್ಜೆ ಹಾಕಿದರೆ ಇ9. ಎರಡೂ ನ್ಯಾಯವಾದ ನಡೆಗಳೇ. ಡಿ4ರಲ್ಲಿ ನಿಂತ ಕುದುರೆಗೆ ಹತ್ತು ಮನೆಗಳು: ಬಿ3, ಬಿ5, ಸಿ2, ಸಿ6, ಇ2, ಎಫ್3, ಎಫ್9, ಇ10, ಐ6, ಜೆ5. ಓದಿ ಮುಂದೆ ಹೋಗಬೇಡಿ. ಕುದುರೆಯನ್ನು ಕೈಯಲ್ಲಿ ಹಿಡಿದು ಹತ್ತನ್ನೂ ಒಮ್ಮೆ ನಡೆಸಿ ನೋಡಿ. ಕುದುರೆಯೊಂದನ್ನೇ ಹಲಗೆಯ ಎಲ್ಲ ಮನೆಗಳಿಗೂ ಓಡಿಸುವ ಬಂಧಗಳನ್ನು ರಚಿಸಿದ್ದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಹಲಗೆ ಸಿಕ್ಕಿದ್ದರೆ ಎಷ್ಟು ಖುಷಿಪಡುತ್ತಿದ್ದರೋ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಕಾಲಾಳು ತನ್ನ ಕಂಬಸಾಲಿನಲ್ಲಿ ಮುಂದಕ್ಕೆ ಹೋಗುತ್ತದೆ. ಮೊದಲ ನಡೆಯಲ್ಲಿ ಎರಡು ಮನೆ ಹೋಗಬಹುದು. ಗಡಿ ದಾಟಿದ ಮೇಲೆ ಮುಂದಕ್ಕೆ ಎಂದರೆ ಆ ನಾಡಿನವರ ಹಿಂದಿನ ಸಾಲಿನತ್ತ ಎಂದರ್ಥ. ಹೊಡೆಯುವುದು ಮುಂದಿನ ಕರ್ಣದಲ್ಲಿ. ಕೇಂದ್ರದ ಮನೆಯಲ್ಲಿ ಮಾತ್ರ ಮೂರು ಕಡೆ ಹೊಡೆಯಬಹುದು: ಡಿ4ರ ಬಿಳಿ ಕಾಲಾಳಿಗೆ ಸಿ5, ಐ5, ಇ9, ಇ4ರದ್ದಕ್ಕೆ ಎಫ್9, ಐ9, ಡಿ5. ಡಿ4ರಿಂದ ಇ9ರಲ್ಲಿ ಹೊಡೆದ ಕಾಲಾಳಿನ ಗುರಿ ಅಲ್ಲಿಂದ ಮುಂದೆ 12ನೆಯ ಸಾಲು, 8 ಅಲ್ಲ. ಇಬ್ಬರು ಎದುರಾಳಿಗಳಲ್ಲಿ ಯಾರ ಹಿಂದಿನ ಸಾಲು ಮುಟ್ಟಿದರೂ ಅದು ರಾಣಿಯೋ ಬೇರೆ ಕಾಯಿಯೋ ಆಗಬಹುದು.

ಎರಡು ಮನೆ ಜಿಗಿದ ಕಾಲಾಳನ್ನು ಹಾದಿಯಲ್ಲೇ ಹೊಡೆಯುವ ಆಂಪಾಸಾಂ ನಿಯಮಕ್ಕೆ ಒಂದು ಸೇರ್ಪಡೆ ಬೇಕು. ಜಿ4ರಲ್ಲಿ ಕೆಂಪು ಕಾಲಾಳಿದೆ. ಬಿಳಿ ತನ್ನ ಎಫ್2ರ ಕಾಲಾಳನ್ನು ಎಫ್4ಕ್ಕೆ ಜಿಗಿಸಿತು. ಕೆಂಪಿನ ಸರದಿ ಬರುವ ಮೊದಲು ಕಪ್ಪು ಒಂದು ನಡೆ ಆಡುತ್ತದೆ. ಅಷ್ಟಕ್ಕೇ ಕೆಂಪಿನ ಹಕ್ಕು ಹೋಗಬಾರದು. ಹಾಗಾಗಿ ಪ್ರತಿಯೊಬ್ಬರಿಗೂ ತಮ್ಮ ಮುಂದಿನ ಒಂದು ಸರದಿಯವರೆಗೆ ಆ ಹಕ್ಕಿರುತ್ತದೆ ಎಂದಿಟ್ಟುಕೊಳ್ಳಿ.

ಕ್ಯಾಸ್ಲಿಂಗ್ ಎಂದಿನಂತೆಯೇ. ಇಬ್ಬರಲ್ಲಿ ಯಾರ ಕಾಯಿ ದಾರಿಯನ್ನು ಕಾಯುತ್ತಿದ್ದರೂ ರಾಜ ಆ ಮನೆ ದಾಟುವಂತಿಲ್ಲ.

ಚೆಕ್, ಮತ್ತು ನಡುವೆ ಕೂತವರು

ನಿಮ್ಮ ನಡೆಯ ನಂತರ ನಿಮ್ಮ ರಾಜ ಇಬ್ಬರಲ್ಲಿ ಯಾರ ಕಾಯಿಯ ಹಾದಿಯಲ್ಲೂ ಇರಬಾರದು. ಇದು ಸುಲಭ. ಮುಂದಿನದು ಸುಲಭವಲ್ಲ.

ಬಿಳಿಯವರು ಕಪ್ಪಿಗೆ, ಅಂದರೆ ಎಡಗಡೆಯವರಿಗೆ, ಚೆಕ್ ಕೊಟ್ಟರೆ ಕಪ್ಪು ತಕ್ಷಣ ಉತ್ತರಿಸುತ್ತದೆ, ಇಬ್ಬರ ಚದುರಂಗದಂತೆಯೇ. ಆದರೆ ಬಿಳಿ ಕೆಂಪಿಗೆ ಚೆಕ್ ಕೊಟ್ಟರೆ ನಡುವೆ ಕಪ್ಪಿನ ಸರದಿ ಬರುತ್ತದೆ. ಕಪ್ಪು ಆ ಚೆಕ್ ಕೊಟ್ಟ ಕಾಯಿಯನ್ನೇ ಹೊಡೆಯಬಹುದು. ಅಡ್ಡ ನಿಲ್ಲಬಹುದು. ಸುಮ್ಮನಿರಬಹುದು. ಇವುಗಳಿಗಿಂತ ರುಚಿಯಾದ ದಾರಿ ಇನ್ನೊಂದಿದೆ: ಕೆಂಪಿನ ಮುಂದಿನ ನಡೆ ರಾಜನಿಗೇ ಮೀಸಲಾಗಿರುವುದರಿಂದ, ಕೆಂಪಿನ ಆನೆಯನ್ನೋ ಕುದುರೆಯನ್ನೋ ನಿರಾತಂಕವಾಗಿ ಎತ್ತಿಕೊಳ್ಳಬಹುದು. ಬಲಗಡೆಯವರಿಗೆ ಕೊಡುವ ಚೆಕ್ ಎಷ್ಟೋ ಸಲ ಎಡಗಡೆಯವರಿಗೆ ಕೊಟ್ಟ ಉಡುಗೊರೆ.

ಚೆಕ್‌ಮೇಟ್ ಆಗಿದೆಯೋ ಇಲ್ಲವೋ ಎಂಬುದನ್ನು ಪೆಟ್ಟು ತಿಂದವರ ಸರದಿ ಬಂದಾಗಲೇ ನೋಡಬೇಕು, ಅದಕ್ಕೆ ಮುಂಚೆ ಅಲ್ಲ.

ಇನ್ನೊಂದು ಸಂದರ್ಭ ನೋಡಿ. ಐ ಸಾಲಿನಲ್ಲಿ ಕಾಲಾಳುಗಳೆಲ್ಲ ಹೋಗಿವೆ. ಐ8ರಲ್ಲಿ ಕಪ್ಪು ರಾಣಿ, ಐ12ರಲ್ಲಿ ಕೆಂಪು ರಾಜ, ನಡುವೆ ಐ9ರಲ್ಲಿ ಬಿಳಿ ಕುದುರೆ. ಬಿಳಿ ಆ ಕುದುರೆಯನ್ನು ಬೇರೆಡೆಗೆ ಹಾರಿಸಿತು. ಈಗ ಸರದಿ ಕಪ್ಪಿನದು, ಕೆಂಪು ರಾಜ ಕಪ್ಪು ರಾಣಿಯ ಬಾಯಿಗೆ ಬಿದ್ದಿದ್ದಾನೆ, ಮತ್ತು ಕೆಂಪಿಗೆ ತಪ್ಪಿಸಿಕೊಳ್ಳಲು ಒಂದು ಸರದಿಯೂ ಸಿಕ್ಕಿಲ್ಲ! ರಾಜನನ್ನು ಹೊಡೆದುಬಿಡಬಹುದೇ? ಹೌದು ಎನ್ನುವ ಗುಂಪುಗಳಿವೆ; ಅಂಥ ಬಾಗಿಲು ತೆರೆಯುವ ನಡೆಯನ್ನೇ ನಿಷೇಧಿಸುವವರೂ ಇದ್ದಾರೆ. ನನ್ನ ಮಟ್ಟಿಗೆ ಎರಡೂ ಸರಿಯಲ್ಲ. ಮೊದಲನೆಯದರಲ್ಲಿ ಕೆಂಪಿಗೆ ಅನ್ಯಾಯ, ಎರಡನೆಯದರಲ್ಲಿ ಬಿಳಿಯ ಕುದುರೆ ಪರರ ರಾಜನಿಗೆ ಕಾವಲುಗಾರನಾಗುತ್ತದೆ. ನಾನು ಸೂಚಿಸುವುದು ಇಷ್ಟು: ರಾಜನನ್ನು ಎಂದಿಗೂ ಹೊಡೆಯುವಂತಿಲ್ಲ. ಬಿಳಿ ಕುದುರೆಯನ್ನು ಹಾರಿಸಲಿ. ಕಪ್ಪು ಬೇರೊಂದು ನಡೆ ಆಡಲಿ. ಕೆಂಪು ತನ್ನ ಸರದಿಯಲ್ಲಿ ಉತ್ತರಿಸಲಿ, ಆಗದಿದ್ದರೆ ಮೇಟ್.

ಇಬ್ಬರೂ ಒಟ್ಟಿಗೆ ಚೆಕ್ ಕೊಟ್ಟಿದ್ದರೆ ಒಂದೇ ನಡೆಯಲ್ಲಿ ಎರಡರಿಂದಲೂ ಪಾರಾಗಬೇಕು.

ಗೆದ್ದವರು ಯಾರು

ಮೇಟ್ ಆದವರ ಕಾಯಿಗಳನ್ನು ಏನು ಮಾಡುವುದು ಎಂಬುದಕ್ಕೆ ಬಗೆಬಗೆಯ ಪದ್ಧತಿಗಳಿವೆ. ಕಾಯಿಗಳನ್ನು ಹಲಗೆಯಿಂದ ತೆಗೆದು ಉಳಿದಿಬ್ಬರು ಮುಂದುವರಿಸುವುದು ಒಂದು. ಗೆದ್ದವರು ಸೋತವರ ಸೈನ್ಯವನ್ನೇ ತಮ್ಮದಾಗಿಸಿಕೊಳ್ಳುವುದು ಮತ್ತೊಂದು. ಇದರಲ್ಲಿ ಮೂರನೆಯವರ ಕಥೆ ಬಹುತೇಕ ಅಲ್ಲಿಗೇ ಮುಗಿಯಿತು. ಕಾಯಿಗಳನ್ನು ಕಲ್ಲಿನಂತೆ ಅಲ್ಲಲ್ಲೇ ಬಿಡುವುದು ಇನ್ನೊಂದು. ಇವೆಲ್ಲದರಲ್ಲೂ ಒಬ್ಬರು ಬೇಗ ಹೊರಬಿದ್ದು ಆಕಳಿಸುತ್ತಾ ಕೂರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಇಬ್ಬರು ಸೇರಿ ಒಬ್ಬರನ್ನು ಮುಗಿಸಿ, ಆಮೇಲೆ ತಮ್ಮ ಲೆಕ್ಕ ಚುಕ್ತಾ ಮಾಡಿಕೊಳ್ಳುವ ಆಸೆಗೆ ಇವು ದಾರಿ ಮಾಡಿಕೊಡುತ್ತವೆ.

ಮೊದಲ ಮೇಟ್‌ಗೆ ಆಟ ಮುಗಿಸಿ. ಮೇಟ್ ಮಾಡಿದವರು ಒಬ್ಬರೇ ಗೆದ್ದರು. ಉಳಿದಿಬ್ಬರೂ ಸೋತರು, ಪೆಟ್ಟು ತಿನ್ನದವರೂ ಸೇರಿ. ಈ ಒಂದು ನಿಯಮ ಇಡೀ ಆಟದ ಸ್ವಭಾವವನ್ನೇ ಬದಲಿಸುತ್ತದೆ. ಬಿಳಿ ಕೆಂಪನ್ನು ಮೂಲೆಗೆ ಒತ್ತುತ್ತಿದ್ದರೆ ಕಪ್ಪು ಸುಮ್ಮನೆ ನೋಡುವಂತಿಲ್ಲ, ಓಡಿ ಹೋಗಿ ಕೆಂಪನ್ನು ಉಳಿಸಲೇಬೇಕು. ಯುರೋಪಿನಲ್ಲಿ ಮೂವರ ಚದುರಂಗಕ್ಕೆ ಯಾಲ್ಟಾ ಎಂಬ ಹೆಸರೂ ಉಂಟು. ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ 1945ರ ಫೆಬ್ರುವರಿಯಲ್ಲಿ ಸೇರಿದ್ದ ಊರಿನ ಹೆಸರದು.

ಗೆಲುವಿನ ಯಜಮಾನಿಕೆಗೆ ಹೀಗೆ ಬರೆದುಕೊಳ್ಳಿ: ಮೇಟ್ ಆದ ಕ್ಷಣದಲ್ಲಿ ಚೆಕ್ ಕೊಡುತ್ತಿರುವ ಕಾಯಿ ಯಾರದೋ ಗೆಲುವು ಅವರದು. ಕೊನೆಯ ನಡೆ ಆಡಿದವರದು ಎಂದರೆ, ನೀವು ಕಷ್ಟಪಟ್ಟು ಕಟ್ಟಿದ ಆಕ್ರಮಣಕ್ಕೆ ನಡುವಿನವರು ಕೊನೆಯ ಮೊಳೆ ಹೊಡೆದು ಫಲ ಎತ್ತಿಕೊಂಡು ಹೋಗುತ್ತಾರೆ. ಇಬ್ಬರ ಕಾಯಿಗಳೂ ಚೆಕ್ ಕೊಡುತ್ತಿದ್ದರೆ ಒಂದನ್ನು ಮನಸ್ಸಿನಲ್ಲೇ ಎತ್ತಿ ನೋಡಿ. ಒಬ್ಬರದು ಮಾತ್ರ ತಾನಾಗಿಯೇ ಮೇಟ್ ಆಗಿದ್ದರೆ ಗೆಲುವು ಅವರಿಗೆ. ಇಲ್ಲದಿದ್ದರೆ ಇಬ್ಬರಿಗೂ ಅರ್ಧ ಅರ್ಧ.

ಚೆಕ್ ಇಲ್ಲದೆ ನಡೆಯೂ ಇಲ್ಲದ ಸ್ಟೇಲ್‌ಮೇಟ್ ಬಂದರೆ ಆಟ ಡ್ರಾ ಮಾಡಬೇಡಿ. ಅವರ ಸರದಿ ದಾಟಿಸಿ. ಉಳಿದಿಬ್ಬರ ನಡೆಗಳಿಂದ ದಾರಿ ತೆರೆದುಕೊಳ್ಳುವುದುಂಟು. ಒಂದೇ ಸ್ಥಿತಿ ಮೂರು ಬಾರಿ ಬಂದರೆ ಮಾತ್ರ ಮೂವರಿಗೂ ಡ್ರಾ.

ಮಾತುಕತೆಯ ಬಗ್ಗೆಯೂ ಮೊದಲೇ ತೀರ್ಮಾನವಾಗಲಿ. "ನೀವು ಅವರ ಒಂಟೆ ಹೊಡೆಯಿರಿ, ನಾನು ಈ ಕಡೆ ನೋಡಿಕೊಳ್ಳುತ್ತೇನೆ" ಎಂಬ ವ್ಯವಹಾರ ಶುರುವಾದರೆ ಅದು ಚದುರಂಗವಲ್ಲ, ಸಂತೆ. ಮೌನವೇ ಲೇಸು. ಒಂದು ನಡೆಗೆ ಎರಡು ನಿಮಿಷ ಎಂದು ಮೊಬೈಲಿನಲ್ಲಿ ಗಡಿಯಾರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸಂಜೆ ಆರಂಭಿಸಿದ್ದು ಊಟದ ಹೊತ್ತಾದರೂ ಮುಗಿಯುವುದಿಲ್ಲ.

ಆಡುವಾಗ ನೆನಪಿಡಬೇಕಾದದ್ದು

ಇಬ್ಬರ ಆಟದಲ್ಲಿ ರಾಣಿಗೆ ರಾಣಿ ಕೊಟ್ಟರೆ ಲೆಕ್ಕ ಸರಿಸಮ. ಇಲ್ಲಿ ಹಾಗಲ್ಲ: ಇಬ್ಬರು ರಾಣಿ ಕಳೆದುಕೊಂಡರು, ಮೂರನೆಯವರ ರಾಣಿ ಹಾಗೆಯೇ ಉಳಿಯಿತು. ಸರಿಸಮವಾದ ಪ್ರತಿ ವಿನಿಮಯವೂ ಅದರಲ್ಲಿ ಭಾಗವಹಿಸದವರಿಗೆ ಲಾಭ. ಆದ್ದರಿಂದ ಕಾಯಿ ಬದಲಾಯಿಸಿಕೊಳ್ಳುವ ಮುನ್ನ ಮೂರನೆಯವರ ಕಡೆಗೊಮ್ಮೆ ಕಣ್ಣು ಹಾಯಿಸಿ. ಕಾವಲಿಲ್ಲದ ಕಾಯಿ ಸಿಕ್ಕರೆ ಬಿಡಬೇಡಿ, ಕಾವಲಿರುವುದರ ತಂಟೆಗೆ ಹೋಗಬೇಡಿ.

ಇ ಸಾಲನ್ನು ಬಿಳಿಯವರು ಬೇಗ ತೆರೆಯಬಾರದು. ಅದರ ಎರಡೂ ಕಾಲಾಳುಗಳು ಹೋದರೆ ಇ12ರ ಕೆಂಪು ರಾಣಿಗೂ ಇ1ರ ರಾಜನಿಗೂ ನಡುವೆ ಏನೂ ಉಳಿಯುವುದಿಲ್ಲ. ಇದೇ ಮಾತು ಕಪ್ಪಿಗೆ ಡಿ ಸಾಲಿನಲ್ಲಿ, ಕೆಂಪಿಗೆ ಐ ಸಾಲಿನಲ್ಲಿ. ಮತ್ತೊಂದು ಕಡೆ, ಬಿ2ಕ್ಕೆ ಬಂದು ಕೂತ ಬಿಳಿ ಒಂಟೆ ಕೇಂದ್ರ ಖಾಲಿಯಾದ ಕೂಡಲೇ ಜಿ11 ಮತ್ತು ಕೆ7 ಎರಡನ್ನೂ ಒಟ್ಟಿಗೆ ದಿಟ್ಟಿಸುತ್ತದೆ. ಒಂದೇ ಕಾಯಿಯಿಂದ ಇಬ್ಬರನ್ನು ಹೆದರಿಸುವ ಇಂಥ ಜಾಗ ಈ ಹಲಗೆಯಲ್ಲಿ ಬಂಗಾರ.

ಕ್ಯಾಸ್ಲಿಂಗ್ ಯಾವ ಕಡೆಗೆ ಎಂಬುದು ಇಲ್ಲಿ ನೆರೆಹೊರೆಯ ಆಯ್ಕೆ. ಬಿಳಿ ರಾಜ ಜಿ1ಕ್ಕೆ ಹೋದರೆ ಜಿ ಸಾಲು ಕೆಂಪಿನ ಮನೆಗೆ ತೆರೆದುಕೊಳ್ಳುತ್ತದೆ. ಸಿ1ಕ್ಕೆ ಹೋದರೆ ಸಿ ಸಾಲು ಕಪ್ಪಿನದಕ್ಕೆ. ಇಬ್ಬರಲ್ಲಿ ಯಾರ ಸೈನ್ಯ ಸೊರಗಿದೆಯೋ ಅವರ ಪಕ್ಕಕ್ಕೆ ರಾಜನನ್ನು ಕಳಿಸಿ.

ಎಲ್ಲರಿಗಿಂತ ಮುಂದಿರುವುದು ಇಲ್ಲಿ ಅಪಾಯದ ಸಂಗತಿ, ಏಕೆಂದರೆ ಉಳಿದಿಬ್ಬರ ಕಣ್ಣೂ ನಿಮ್ಮ ಮೇಲೆಯೇ. ಒಂದು ಕಾಲಾಳಿನಷ್ಟು ಹಿಂದಿದ್ದು, ಕೇಂದ್ರದ ಮೇಲೆ ಹಿಡಿತ ಇಟ್ಟುಕೊಂಡವರಿಗೆ ಆಟದ ನಡುವೆ ನೆಮ್ಮದಿ ಹೆಚ್ಚು.

ಅಂಕ ಮತ್ತು ಕುರ್ಚಿ

ಒಂದು ಆಟಕ್ಕೆ 6 ಅಂಕ. ಗೆದ್ದವರಿಗೆ ಆರೂ, ಹಂಚಿಕೊಂಡ ಮೇಟ್ ಆದರೆ ಇಬ್ಬರಿಗೆ ಮೂರು ಮೂರು, ಡ್ರಾ ಆದರೆ ಎಲ್ಲರಿಗೂ ಎರಡು. ಬಿಳಿಯ ಸರದಿ ಮಾತ್ರ ಬದಲಾಯಿಸಿದರೆ ಸಾಲದು, ಯಾರ ಎಡಕ್ಕೆ ಯಾರು ಕೂರುತ್ತಾರೆ ಎಂಬುದೂ ಬದಲಾಗಬೇಕು; ನಿಮ್ಮ ರಾಜನನ್ನು ದಿಟ್ಟಿಸುವ ರಾಣಿ ಯಾರ ಕೈಯಲ್ಲಿದೆ ಎಂಬುದನ್ನು ನಿರ್ಧರಿಸುವುದು ಅದೇ. ಮೊದಲ ಮೂರು ಆಟಗಳಲ್ಲಿ ಕೂತ ಜಾಗದಲ್ಲೇ ಬಣ್ಣಗಳನ್ನು ಸುತ್ತಿಸಿ. ನಾಲ್ಕನೆಯ ಆಟಕ್ಕೆ ಯಾರಾದರೂ ಇಬ್ಬರು ಕುರ್ಚಿ ಅದಲುಬದಲು ಮಾಡಿಕೊಂಡು ಮತ್ತೆ ಮೂರು ಆಟ ಆಡಿ. ಆರು ಆಟಗಳಿಗೆ ಎಲ್ಲ ಜೋಡಣೆಗಳೂ ಒಂದು ಸುತ್ತು ಬರುತ್ತವೆ. ಪಟ್ಟಿಯ ಅಂಕಗಳನ್ನು ಕೂಡುವುದು ಆಮೇಲೆ.